ಮನೆಯವರಿಗೆಲ್ಲಿಯ ಸಂಬಳ

ಸರಕಾರದ ಕಾಗದ ಬಂದ ದಿನ ಮುಕುಂದ ಪಟೇಲನ ಮನೆಯಲ್ಲಿ ಖಿಚಡಿ ಮತ್ತು ಕಢಿ. ಮೋಟೆಲಿನ ಆಫೀಸಿನ ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ, ಮನೆಯೆಂದರೆ ಅಷ್ಟೇ. ಮುಂದಿನ ಕೌಂಟರಿನಲ್ಲಿ ಗಿರಾಕಿ ನಿಂತಿರುವಾಗ ಒಗ್ಗರಣೆ ಹಾಕಬಾರದು ಎಂಬುದು ಈ ಮನೆಯ ಮೊದಲನೆಯ ಶಾಸನ. ಇಂಗಿನ ವಾಸನೆ ಮೂಗಿಗೆ ಬಡಿದರೆ ಉತ್ತರ ಫ್ಲಾರಿಡಾದ ಟ್ರಕ್ ಡ್ರೈವರು ಕೊಟ್ಟ ಕೀಲಿಯನ್ನು ವಾಪಸು ಎಸೆದು ಎದುರಿನ ಮೋಟೆಲಿಗೆ ಹೋಗುತ್ತಾನೆ. ಅದೂ ಒಬ್ಬ ಪಟೇಲನದೇ ಎನ್ನುವುದು ಬೇರೆ ಮಾತು. ದಕ್ಷಾ ಬಾಗಿಲ ಸಂದಿಗೆ ಹಳೆಯ ಟವೆಲ್ ಸುತ್ತಿಟ್ಟು, ಫ್ಯಾನು ಜೋರು ಮಾಡಿ, ಕಢಿಗೆ ಸಾಸಿವೆ ಸಿಡಿಸುತ್ತಿದ್ದಾಗ ಅವಳ ಗಂಡ ಒಳಗೆ ಬಂದು ಕಾಗದವನ್ನು ಮೇಜಿನ ಮೇಲೆ ಬಡಿದ.

"ಇನ್ನೊಂದು ಪೀಡೆ ಬಂತು ನೋಡು. ಮಕ್ಕಳನ್ನ ಕದ್ದು ಸಾಗಿಸ್ತಾರಂತೆ, ಮಾರ್ತಾರಂತೆ, ಹಿಡಿದಿಟ್ಟು ದುಡಿಸ್ಕೋತಾರಂತೆ. ಅದಕ್ಕೆ ನಾವು ಗೋಡೆಗೆ ಬೋರ್ಡು ಹಾಕ್ಬೇಕು, ಎಲ್ಲರೂ ಕೂತು ಪಾಠ ಕೇಳ್ಬೇಕು. ಇಲ್ಲದಿದ್ರೆ ದಂಡ."

"ಎಲ್ಲರೂ ಅಂದ್ರೆ?"

"ಇಲ್ಲಿ ಕೆಲಸ ಮಾಡೋರೆಲ್ಲ. ನಾನು, ನೀನು, ಶನಿವಾರ ಭಾನುವಾರ ಕೌಂಟರ್ ನೋಡ್ಕೋತಾಳಲ್ಲ, ಕೃಪಾ."

"ಹೇತಲ್?"

"ಹೇತಲ್ ಯಾಕೆ? ಅವಳೇನು ಕೆಲಸದವಳಾ? ಮನೆ ಹುಡುಗಿ."

ಮನೆ ಹುಡುಗಿ ಆಗ ಲಾಂಡ್ರಿ ಕೋಣೆಯಲ್ಲಿ ಬೆಡ್‌ಶೀಟುಗಳನ್ನು ಮಡಿಸುತ್ತಿದ್ದಳು. ಮುಕುಂದ ಹೋಗಿ ಅವಳ ತಲೆಯ ಮೇಲುಗಡೆಯ ಗೋಡೆಗೇ ಬೋರ್ಡು ಅಂಟಿಸಿ ಬಂದ. ಕೆಲಸದವರ ಕಣ್ಣಿಗೆ ಬೀಳುವಂತೆ ಹಾಕಬೇಕೆಂದು ಕಾಗದದಲ್ಲಿ ಬರೆದಿತ್ತು, ಗಿರಾಕಿಗಳ ಕಣ್ಣಿಗೆ ಬೀಳಬಾರದೆಂದು ಅವನ ಮನಸ್ಸಿನಲ್ಲಿತ್ತು; ಲಾಂಡ್ರಿ ಎರಡಕ್ಕೂ ಹೊಂದುತ್ತಿತ್ತು.

ಹೇತಲ್‌ಗೆ ಹದಿನೈದು ವರ್ಷ. ಮುಕುಂದನ ತಾಯಿ ಚಂಚಲ್‌ಬೆನ್‌ರ ತಮ್ಮನ ಮೊಮ್ಮಗಳು. ಹೋದ ವರ್ಷದ ಹಿಂದಿನ ಚಳಿಗಾಲ ಚಂಚಲ್‌ಬೆನ್ ಮದುವೆಯೊಂದಕ್ಕೆಂದು ಗುಜರಾತಿನ ಪೇಟ್ಲಾದದ ಹತ್ತಿರದ ತವರಿಗೆ ಹೋದವರು ಬರುವಾಗ ಈ ಹುಡುಗಿಯನ್ನು ಜೊತೆಗೆ ಕರೆತಂದರು. "ಅಮೆರಿಕದಲ್ಲಿ ಓದಿಸ್ತೀನಿ, ನಮ್ಮ ಕೃಪಾ ಹೇಗೋ ಇವಳೂ ಹಾಗೆ" ಎಂದು ತಮ್ಮನಿಗೆ ಮಾತು ಕೊಟ್ಟಿದ್ದರು. ಬಂದದ್ದು ನೆಂಟರ ಮನೆ ನೋಡುವ ವೀಸಾದ ಮೇಲೆ. ಅದರ ಅವಧಿ ಮುಗಿಯಿತು. ಶಾಲೆಗೆ ಸೇರಿಸಲು ಹೋದರೆ ವೀಸಾ ಕೇಳುತ್ತಾರೆ, ಇಲ್ಲವೆಂದರೆ ಹಿಡಿದುಕೊಂಡು ಹೋಗುತ್ತಾರೆ ಎಂದು ಮುಕುಂದನಿಗೆ ಯಾರೋ ಹೇಳಿದ್ದರು. ಯಾರು ಎಂಬುದು ಅವನಿಗೇ ನೆನಪಿರಲಿಲ್ಲ. ಅದೇ ಹೊತ್ತಿಗೆ ರೂಮು ಗುಡಿಸುವ ಹೆಂಗಸು ಕೋಳಿ ಕಾರ್ಖಾನೆಯ ಕೆಲಸ ಹಿಡಿದು ಹೊರಟುಹೋದಳು, ದಕ್ಷಾಳ ಮಣಿಕಟ್ಟು ಊದಿಕೊಂಡು ಡಾಕ್ಟರು ಭಾರ ಎತ್ತಬೇಡ ಎಂದರು. ಹೇತಲ್ ತಾನಾಗಿಯೇ ಬಂದು, "ಇಟ್ಬಿಡಿ ಕಾಕಿ, ನಾನು ಮಾಡ್ತೀನಿ" ಎಂದು ತಳ್ಳುಗಾಡಿ ಹಿಡಿದಳು. ಮಾಡು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಸಾಕು ಎಂದೂ ಯಾರೂ ಹೇಳಲಿಲ್ಲ, ಹಾಗೇ ಎರಡನೆಯ ಅಕ್ಟೋಬರ್ ಬಂತು.

ಮೋಟೆಲ್ ಪಟೇಲರಲ್ಲಿ ಇದೇನು ಹೊಸದಲ್ಲ. ಮುಕುಂದನೂ ಆಲಬಾಮಾದಲ್ಲಿ ಮಾಮನ ಮೋಟೆಲಿನಲ್ಲಿ ಆರು ವರ್ಷ ಕಕ್ಕಸು ತೊಳೆದೇ ಮೇಲೆ ಬಂದವನು. ಮಾಮಾ ಊಟ ಹಾಕಿದ, ಬಟ್ಟೆ ಕೊಡಿಸಿದ, ಕೈಗೆ ಕಾಸು ಕೊಡಲಿಲ್ಲ. ಕೊನೆಗೊಂದು ದಿನ ಈ ಮೋಟೆಲ್ ಮಾರಾಟಕ್ಕೆ ಬಂದಾಗ ಬಾಯಿಮಾತಿನ ಮೇಲೆ ಮುಂಗಡದ ಹಣವನ್ನೆಲ್ಲ ತಾನೇ ಎತ್ತಿಕೊಟ್ಟ. "ಮನೆಯವರಿಗೆಲ್ಲಿಯ ಸಂಬಳ" ಎಂಬ ಮಾತು ಈ ಮನೆಯಲ್ಲಿ ದೇವರ ಪಟದಷ್ಟೇ ಹಳೆಯದು.

ಭಾನುವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ನೋಡಿದರು. ಮುಕುಂದ ಆಕಳಿಸಿದ, ದಕ್ಷಾ ಬಟಾಣಿ ಬಿಡಿಸುತ್ತ ನೋಡಿದಳು. ಯಾರೂ ಕರೆಯದೆ ಬಂದು ಮುಂದೆ ಕೂತವರು ಚಂಚಲ್‌ಬೆನ್. ಇಂಗ್ಲಿಷು ಅವರಿಗೆ ಬಾರದು, ಆದರೆ ಕಿಟಕಿಯ ಪರದೆ ಸರಿಸಿ ಇಡೀ ಪಾರ್ಕಿಂಗ್ ಲಾಟ್ ಕಾಯುವುದು ವರ್ಷಾನುವರ್ಷದ ಅಭ್ಯಾಸ. ಆ ಅಭ್ಯಾಸಕ್ಕೆ ಈಗ ಸರಕಾರವೇ ಮರ್ಯಾದೆ ತಂದುಕೊಟ್ಟ ಹಾಗಾಗಿತ್ತು. ಹನ್ನೆರಡನೆಯ ಕ್ಲಾಸಿನ ಮೊಮ್ಮಗಳು ಕೃಪಾ ಒಂದೊಂದೇ ಮಾತನ್ನು ಗುಜರಾತಿಗೆ ತಿರುಗಿಸಿ ಹೇಳಿದಳು.

"ಅಯ್ಯೋ ಪಾಪ, ಮಗೂನ ಕೈಗೆ ಪಾಸ್‌ಪೋರ್ಟೂ ಕೊಡಲ್ವಂತಾ! ಎಂಥ ರಾಕ್ಷಸರು!" ಎಂದು ಚಂಚಲ್‌ಬೆನ್ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೂರು ದಿನ ಕಳೆಯುವಷ್ಟರಲ್ಲಿ ಅವರಿಗೆ ಒಬ್ಬ ರಾಕ್ಷಸ ಸಿಕ್ಕಿಯೇಬಿಟ್ಟ. ಹದಿನಾಲ್ಕನೆಯ ನಂಬರಿನ ರೂಮಿನಲ್ಲಿ ವಾರದ ಬಾಡಿಗೆಗೆ ಇಳಿದಿದ್ದ ಒಬ್ಬ ಗಡ್ಡದ ಗಂಡಸು, ಅವನ ಜೊತೆ ಹನ್ನೆರಡು ವರ್ಷದ ಒಂದು ಹುಡುಗಿ. ಹುಡುಗಿ ಹೊರಗೆ ಮುಖ ತೋರಿಸುತ್ತಿರಲಿಲ್ಲ. ಗಂಡಸು ದಿನಕ್ಕೆರಡು ಸಲ ಬಂದು ಟವೆಲ್ ಕೇಳುತ್ತಿದ್ದ.

ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ಚಂಚಲ್‌ಬೆನ್ ಬೆರಳು ಮಡಿಸಿದರು. "ಗುರುತು ಏನೇನು? ಒಂದು, ಮಗು ಶಾಲೆಗೆ ಹೋಗಲ್ಲ. ಎರಡು, ಒಂಟಿಯಾಗಿ ಹೊರಗೆ ಕಾಲಿಡಲ್ಲ. ಮೂರು, ಅದನ್ನೇನಾದ್ರೂ ಕೇಳಿದ್ರೆ ಇನ್ಯಾರೋ ಬಾಯಿ ಹಾಕ್ತಾರೆ. ಎಲ್ಲಾ ತಾಳೆಯಾಗತ್ತೆ ನೋಡಿ. ಕೃಪಾ, ಬೋರ್ಡಿನ ಮೇಲಿರೋ ಆ ನಂಬರಿಗೆ ಫೋನ್ ಮಾಡು."

"ಅಮ್ಮಾ, ಗಿರಾಕಿ ಉಸಾಬರಿ ನಮಗೆ ಬೇಡ" ಎಂದ ಮುಕುಂದ. "ಬಾಡಿಗೆ ಕೊಡ್ತಾನೆ, ಗಲಾಟೆ ಮಾಡಲ್ಲ. ಪೋಲೀಸ್ ಕಾರು ಬಂದು ನಿಂತರೆ ನಾಳೆಯಿಂದ ಒಬ್ಬನೂ ಇಳಿಯಲ್ಲ."

"ಹೆಣ್ಣುಮಗಳಿರೋ ಮನೆಯಿದು. ಬಾಡಿಗೆ ನೋಡ್ತಾನಂತೆ, ಬಾಡಿಗೆ!"

"ದಾದಿ ಹೇಳೋದು ಸರಿ ಪಪ್ಪಾ" ಎಂದಳು ಕೃಪಾ, ಅಜ್ಜಿಯ ಪಕ್ಷ ಹಿಡಿದು. "ಫೋನ್ ಮಾಡೋದರಲ್ಲಿ ಏನು ಹೋಗತ್ತೆ?"

ಒಲೆಯ ಮುಂದೆ ನಿಂತು ರೋಟ್ಲಿ ಉಬ್ಬಿಸುತ್ತಿದ್ದ ಹೇತಲ್ ಬಿಸಿಯದೊಂದನ್ನು ತಂದು ದಕ್ಷಾಳ ತಟ್ಟೆಗೆ ಹಾಕಿದಳು. ಅಜ್ಜನ ಅಕ್ಕನನ್ನು ಅವಳು ಊರಿನ ತನ್ನ ಮನೆಯವರೆಲ್ಲ ಕರೆಯುವಂತೆ ಫೋಯಿ, ಅಂದರೆ ಸೋದರತ್ತೆ, ಎಂದೇ ಕರೆಯುತ್ತಿದ್ದಳು.

"ಫೋಯಿ, ಆ ನಂಬರಲ್ಲಿ ಗುಜರಾತಿ ಮಾತಾಡೋರು ಸಿಗ್ತಾರಾ?"

ಎಲ್ಲರೂ ನಕ್ಕರು. "ನೀನ್ಯಾರನ್ನ ಹಿಡ್ಸಬೇಕಮ್ಮಾ? ಫೋಯಿನಾ?" ಎಂದ ಮುಕುಂದ.

"ಇಲ್ಲ ಕಾಕಾ, ಸುಮ್ನೆ ಕೇಳ್ದೆ" ಎಂದು ಹೇತಲ್ ಕೂಡ ನಗುತ್ತ ಒಲೆಯ ಕಡೆಗೆ ಹೋದಳು. ದಕ್ಷಾ ನಗಲಿಲ್ಲ. ಕೈಯಲ್ಲಿದ್ದ ತುತ್ತು ಸ್ವಲ್ಪ ಹೊತ್ತು ಬಾಯಿಗೆ ಹೋಗಲಿಲ್ಲ. ಆಮೇಲೆ ಹೋಯಿತು, ಹಸಿವು ಯಾರಪ್ಪನ ಮಾತನ್ನೂ ಕೇಳುವುದಿಲ್ಲ.

ಮಾರನೆಯ ದಿನ ಕೃಪಾ ಶಾಲೆಯಿಂದ ಬಂದವಳು ಅಜ್ಜಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋನು ಮಾಡಿದಳು. ಶುಕ್ರವಾರ ಬೆಳಿಗ್ಗೆ ಒಬ್ಬ ಪೋಲೀಸನೂ ಮಕ್ಕಳ ಇಲಾಖೆಯ ಒಬ್ಬ ಹೆಂಗಸೂ ಬಂದರು. ಹೆಂಗಸಿನ ಹೆಸರು ಮಿಸೆಸ್ ಪ್ರೂಯಿಟ್. ನರೆತ ಜಡೆ, ಕಾಲಿಗೆ ಓಟದ ಬೂಟು, ಕೈಯಲ್ಲಿ ಚೀಲ. ಮೊದಲು ಹದಿನಾಲ್ಕನೆಯ ರೂಮಿನ ಬಾಗಿಲು ತಟ್ಟಿದರು. ಚಂಚಲ್‌ಬೆನ್ ಪರದೆಗೆ ಮೂಗು ತಾಗಿಸಿ ನಿಂತರು.

ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾಗಿಲಿಗೆ ಬಂದ ಹುಡುಗಿಯ ತಲೆಯಲ್ಲಿ ಒಂದೂ ಕೂದಲಿರಲಿಲ್ಲ, ರೆಪ್ಪೆಯಲ್ಲೂ ಇರಲಿಲ್ಲ. ಜಾಕ್ಸನ್‌ವಿಲ್‌ನ ಆಸ್ಪತ್ರೆಯಲ್ಲಿ ಅವಳಿಗೆ ಕ್ಯಾನ್ಸರಿನ ಔಷಧಿ ನಡೆಯುತ್ತಿತ್ತು. ಔಷಧಿ ಹಾಕಿದ ದಿನವೆಲ್ಲ ವಾಂತಿ, ಅದಕ್ಕೇ ಟವೆಲ್ಲು. ಗಂಡಸು ಅವಳ ಅಪ್ಪ. ಬಾಡಿಗೆ ಮನೆ ಕೈಬಿಟ್ಟು ಹೋಗಿತ್ತು. ಅವನು ಪಾರ್ಕಿಂಗ್ ಲಾಟಿಗೆ ಬಂದು ನಿಂತು, "ನನ್ನ ಮಗಳನ್ನ? ನಾನು?" ಎಂದು ಕೂಗಿ ಕಾರಿನ ಬಾನೆಟ್ಟಿಗೆ ಗುದ್ದಿದ. ಮಾತು ತಿಳಿಯದಿದ್ದರೂ ಮುಖ ತಿಳಿಯಿತು, ಚಂಚಲ್‌ಬೆನ್ ಪರದೆ ಬಿಟ್ಟು ಸರಿದರು. ಮಧ್ಯಾಹ್ನ ಮೆಂತ್ಯದ ಥೇಪ್ಲಾ ರೊಟ್ಟಿ ಬೇಯಿಸಿ, ತಾವೇ ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿದರು. ಬಾಗಿಲು ತೆರೆಯಲಿಲ್ಲ. ಹೊರಗಿನ ಕುರ್ಚಿಯ ಮೇಲಿಟ್ಟು ಬಂದ ತಟ್ಟೆ ಮರುದಿನ ಬೆಳಿಗ್ಗೆಯೂ ಅಲ್ಲೇ ಇತ್ತು, ಇರುವೆ ಮುತ್ತಿತ್ತು.

ಅದಕ್ಕಿಂತ ದೊಡ್ಡ ಸಂಗತಿ ನಡೆದದ್ದು ಬೇರೆ ಕಡೆ. ಹೊರಡುವ ಮುಂಚೆ ಮಿಸೆಸ್ ಪ್ರೂಯಿಟ್, "ನಿಮ್ಮ ಬೋರ್ಡು ಎಲ್ಲಿ ಹಾಕಿದೀರಿ?" ಎಂದು ಕೇಳಿದರು. ಮುಕುಂದ ಹೆಮ್ಮೆಯಿಂದಲೇ ಲಾಂಡ್ರಿಗೆ ಕರೆದುಕೊಂಡು ಹೋದ, ದಕ್ಷಾ ಹಿಂದೆ ಹೋದಳು. ಒಳಗೆ ಹೇತಲ್ ಅಗಲವಾದ ಬೆಡ್‌ಶೀಟಿನ ಒಂದಂಚನ್ನು ಗದ್ದದ ಕೆಳಗೆ ಅದುಮಿಕೊಂಡು, ಕೈಚಾಚಿ ಒಬ್ಬಳೇ ಮಡಿಸುತ್ತಿದ್ದಳು. ಹೆಂಗಸು ಬೋರ್ಡನ್ನು ನೋಡಲೇ ಇಲ್ಲ.

"ನೀನು ಯಾವ ಶಾಲೆಗೆ ಹೋಗ್ತೀಯಮ್ಮಾ?"

ಹೇತಲ್ ಮುಕುಂದನ ಮುಖ ನೋಡಿದಳು.

"ನೆಂಟರ ಹುಡುಗಿ" ಎಂದ ಮುಕುಂದ. "ರಜಕ್ಕೆ ಬಂದಿದಾಳೆ."

"ಅಕ್ಟೋಬರಲ್ಲಿ ಯಾವ ರಜ?"

"ನವರಾತ್ರಿ."

"ನಾನು ಕೇಳಿದ್ದು ಅವಳನ್ನ" ಎಂದರು ಮಿಸೆಸ್ ಪ್ರೂಯಿಟ್. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬರುವ ಗುರುವಾರ ಗುಜರಾತಿ ಬಲ್ಲವರನ್ನು ಫೋನಿನಲ್ಲಿ ಇಟ್ಟುಕೊಂಡು ಬರುತ್ತೇನೆ, ಅಲ್ಲಿಯವರೆಗೆ ಹುಡುಗಿ ಇದೇ ಮನೆಯಲ್ಲಿರಬೇಕು ಎಂದು ಹೇಳಿ ಹೋದರು.

ಆ ಸಂಜೆ ಒಗ್ಗರಣೆಯ ಶಾಸನವನ್ನು ಯಾರೂ ಪಾಲಿಸಬೇಕಾಗಿ ಬರಲಿಲ್ಲ. ಅಡುಗೆಯೇ ಆಗಲಿಲ್ಲ. ಹೇತಲ್ ಸ್ನಾನಕ್ಕೆ ಹೋದದ್ದನ್ನು ನೋಡಿಕೊಂಡು ಮುಕುಂದ ತಾಯಿಯ ಮೇಲೆ ಹರಿಹಾಯ್ದ.

"ಪರದೆ ಹಿಂದೆ ಕೂತು ಮಾಡಿದ ಘನಂದಾರಿ ಕೆಲಸ ನೋಡು! ಹೋಗೋ ಮಾರೀನ ಮನೆಗೆ ಕರ್ಕೊಂಡ್ಬಂದೆ."

"ನಾನು ಫೋನ್ ಮಾಡ್ಸಿದ್ದು ಹದಿನಾಲ್ಕನೇ ರೂಮಿಗೆ. ನಿನ್ನ ಲಾಂಡ್ರಿಗಲ್ಲ!"

ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದರಂತೆ ಎಂಬ ಮಾತು ದಕ್ಷಾಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಅದು ತನ್ನ ತಟ್ಟೆಯೂ ಹೌದು.

"ನನ್ನ ತಮ್ಮನ ಮೊಮ್ಮಗಳು ಅವಳು" ಎಂದರು ಚಂಚಲ್‌ಬೆನ್. "ನಾನೇನು ಅವಳನ್ನ ಕದ್ದು ತಂದ್ನಾ? ಮಾರಿದ್ನಾ? ನಾವು ತಿನ್ನೋದನ್ನೇ ತಿಂತಾಳೆ. ಗರ್ಬಾ ಆಡೋಕೆ ಅಂತ ಕೃಪಾಗೆ ತಂದಂಥದ್ದೇ ಚಣಿಯಾ ಚೋಳಿ ಅವಳಿಗೂ ತರಿಸಿಲ್ವಾ?"

"ಶಾಲೆಗೆ ಕಳಿಸಿಲ್ಲ ದಾದಿ" ಎಂದಳು ಕೃಪಾ. "ಇವತ್ತು ನಮ್ಮ ಸ್ಕೂಲ್ ಆಫೀಸಲ್ಲಿ ಕೇಳ್ದೆ. ಅವರು ವೀಸಾ ಕೇಳೋದೇ ಇಲ್ಲ. ಮನೆ ವಿಳಾಸ ಬೇಕು, ಲಸಿಕೆ ಹಾಕ್ಸಿದ್ದಕ್ಕೆ ಕಾಗದ ಬೇಕು, ಅಷ್ಟೇ. ಬಂದ ವಾರವೇ ಸೇರಿಸಬಹುದಾಗಿತ್ತು."

"ನಿನ್ನನ್ನ ಯಾರು ಕೇಳು ಅಂದ್ರು?" ಎಂದ ಮುಕುಂದ.

"ಯಾರೂ ಅನ್ಲಿಲ್ಲ. ಇಷ್ಟು ದಿನ ನಾನೂ ಕೇಳ್ಲಿಲ್ಲ. ಅವಳು ಒಗೆದ ಯೂನಿಫಾರ್ಮ್ ಹಾಕ್ಕೊಂಡು ಬ್ಯಾಂಡ್ ಬಾರಿಸೋಕೆ ಹೋಗ್ತಿದ್ದೆ."

"ಕೆಲಸ ಮಾಡಿದ್ರೆ ಯಾರೂ ಸಾಯಲ್ಲ. ನಾನು ಮಾಮಾನ ಮೋಟೆಲಲ್ಲಿ ಆರು ವರ್ಷ..."

"ಪಪ್ಪಾ, ನಿಮಗೆ ಆಗ ಇಪ್ಪತ್ತೆರಡು ವರ್ಷ. ಗ್ರೀನ್ ಕಾರ್ಡ್ ಇತ್ತು. ಬೇಡ ಅನಿಸಿದ್ರೆ ಬಸ್ ಹತ್ತಿ ಹೋಗಬಹುದಿತ್ತು."

"ಬಸ್ ಹತ್ತೋಕೆ ಕಾಸೆಲ್ಲಿತ್ತೇ ನನ್ನ ಹತ್ರ?"

ಬಾಯಿಂದ ಬಂದದ್ದನ್ನು ಮುಕುಂದನೇ ಮೊದಲ ಸಲ ಕೇಳಿಸಿಕೊಂಡ ಹಾಗಿತ್ತು. ಆಮೇಲೆ ಅವನು ಬೇರೆಯದೇ ಧ್ವನಿಯಲ್ಲಿ, ಟೆಕ್ಸಾಸಿನಲ್ಲಿರುವ ಮಾಮನ ಮಗನ ಮೋಟೆಲಿಗೆ ಹುಡುಗಿಯನ್ನು ಕಳಿಸಿಬಿಡೋಣ ಎಂದ.

"ಇಲ್ಲೇ ಇರಬೇಕು ಅಂತ ಹೇಳಿ ಹೋಗಿದಾಳೆ ಆಕೆ" ಎಂದಳು ದಕ್ಷಾ. "ಕಳಿಸಿದ್ರೆ ಕಳ್ಳರು ನಾವೇ ಅಂತ ಕೈಯೆತ್ತಿದ ಹಾಗೆ."

"ಹಾಗಾದ್ರೆ ಅವಳಿಗೆ ಹೇಳಿಕೊಡು. ಏನೇನು ಕೇಳಿದ್ರೆ ಏನೇನು ಹೇಳ್ಬೇಕು ಅಂತ. ನಿನ್ನ ಮಾತು ಕೇಳ್ತಾಳೆ."

"ನಾನಾ?"

"ಮತ್ಯಾರು? ಲೈಸೆನ್ಸ್ ಹೋದ್ರೆ ಎಲ್ಲಿ ಇರ್ತೀಯ, ಎಲ್ಲಿ ಅಡುಗೆ ಮಾಡ್ತೀಯ? ಮನೆ, ಅಂಗಡಿ, ಎಲ್ಲಾ ಇದೇ ಅಲ್ವೇ ನಮಗೆ? ನನ್ನನ್ನ ಒಳಗೆ ಹಾಕಿದ್ರೆ ಅಮ್ಮನ್ನ ಯಾರು ನೋಡ್ಕೋತಾರೆ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ದಕ್ಷಾ ಒಪ್ಪಿದಳು.

ಆ ವಾರ ಹೇತಲ್ ಲಾಂಡ್ರಿಗೆ ಕಾಲಿಡಬಾರದೆಂದು ಮುಕುಂದ ಅಪ್ಪಣೆ ಮಾಡಿದ. ಕೃಪಾಳ ಹಳೆಯ ಪುಸ್ತಕವೊಂದನ್ನು ಕೊಟ್ಟು ಅವಳನ್ನು ಸೋಫಾದ ಮೇಲೆ ಕೂರಿಸಿದರು. ಹೆಣ್ಣು ನೋಡಲು ಬಂದವರ ಮುಂದೆ ಕೂತವಳಂತೆ ಅವಳು ಮಂಡಿ ಕೂಡಿಸಿ ಕೂತಿದ್ದು, ಯಾರೂ ನೋಡದ ಹೊತ್ತಿನಲ್ಲಿ ಎದ್ದು ಪಾತ್ರೆ ತೊಳೆದಿಡುತ್ತಿದ್ದಳು. ರೂಮುಗಳ ಕೆಲಸ ಗಂಡಹೆಂಡಿರ ಪಾಲಿಗೆ ಬಂತು. ಮುಕುಂದ ಗುಡಿಸಿದ, ತೊಳೆದ. ದಕ್ಷಾ ಹಾಸಿಗೆಯ ಮೂಲೆಗಳನ್ನು ಎತ್ತಿ ಎತ್ತಿ ಬೆಡ್‌ಶೀಟು ಸಿಕ್ಕಿಸಿದಳು. ಸೋಮವಾರವೇ ಮಣಿಕಟ್ಟು ಬಿಸಿಯೇರಿತು, ಮಂಗಳವಾರ ಚಪಾತಿ ಹಿಟ್ಟು ನಾದಲಾಗಲಿಲ್ಲ. ಒಂದೂವರೆ ವರ್ಷ ಈ ಹೊತ್ತಿನಲ್ಲೆಲ್ಲ ತಾನು ಟೀವಿಯ ಮುಂದೆ ಕಾಲು ಚಾಚಿ ಮಲಗಿದ್ದೆ ಎಂದು ನೆನೆದಾಗ ದಕ್ಷಾಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಹುಡುಗಿಯ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು. ಮಧ್ಯಾಹ್ನದ ನಿದ್ದೆಯ ಮೇಲೂ ಇತ್ತು.

ಮಂಗಳವಾರ ಸಂಜೆ ಇಬ್ಬರೇ ಕೂತು ಪಾಪಡಿ ಅವರೆಕಾಯಿ ಬಿಡಿಸುವಾಗ ಅವಳು ಮಾತು ತೆಗೆದಳು.

"ಗುರುವಾರ ಆ ಹೆಂಗಸು ಬರ್ತಾಳೆ. ನಿನ್ನನ್ನ ಏನೇನೋ ಕೇಳ್ತಾಳೆ."

"ಗೊತ್ತು ಕಾಕಿ. ಏನು ಹೇಳ್ಬೇಕು ಅಂತ ಹೇಳಿಕೊಡಿ. ನೀವು ಹೇಗೆ ಹೇಳ್ತೀರೋ ಹಾಗೇ ಹೇಳ್ತೀನಿ."

ಅಷ್ಟು ಬೇಗ, ಅಷ್ಟು ಸಲೀಸಾಗಿ ಬಂದ ಮಾತಿಗೆ ದಕ್ಷಾ ತಯಾರಾಗಿರಲಿಲ್ಲ. ಆದರೂ ಹೇಳಿಕೊಟ್ಟಳು. ರಜಕ್ಕೆ ಬಂದೆ. ಫೋಯಿಗೆ ನನ್ನ ಬಿಟ್ಟಿರೋಕೆ ಆಗಲ್ಲ, ಅದಕ್ಕೇ ನಿಂತೆ. ಬೇಜಾರಾದಾಗ ಕಾಕಿಗೆ ಕೈಜೋಡಿಸ್ತೀನಿ, ಯಾರೂ ಮಾಡು ಅನ್ನಲ್ಲ. ಹೇತಲ್ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದಳು. ತಪ್ಪಿದ ಕಡೆ ನಾಲಿಗೆ ಕಚ್ಚಿ ಮತ್ತೆ ಶುರುಮಾಡಿದಳು. ಕಣ್ಣಲ್ಲಿ ಒಂದು ಹುರುಪೂ ಬಂದಿತ್ತು. ಈ ಮನೆಗೆ ಬಂದ ಮೇಲೆ ಯಾರಾದರೂ ಎದುರಿಗೆ ಕೂರಿಸಿಕೊಂಡು ಅವಳಿಗೆ ಪಾಠವೆಂದು ಹೇಳಿಕೊಟ್ಟದ್ದು ಇದೇ ಮೊದಲು.

"ಕೈ ಯಾಕೆ ಹೀಗೆ ಬಿರಿದಿದೆ ಅಂದ್ರೆ?" ಎಂದು ಅವಳೇ ಕೇಳಿದಳು. ಬ್ಲೀಚಿಗೆ ಬೆರಳ ಸಂದಿಗಳು ಸೀಳಿದ್ದವು.

"ಮುಂಚೆಯಿಂದಲೂ ಹೀಗೇ ಅನ್ನು. ಊರಲ್ಲೂ ಹೀಗೇ ಇತ್ತು ಅನ್ನು."

"ಆಯ್ತು."

"ಹೇತಲ್, ನಿನಗೆ ಊರಿಗೆ ಹೋಗಬೇಕು ಅನಿಸತ್ತಾ?"

ಹುಡುಗಿ ಒಂದು ಕಾಯಿಯ ನಾರು ಎಳೆದು, ಇನ್ನೊಂದನ್ನು ಕೈಗೆತ್ತಿಕೊಂಡಳು. "ಹೋಗೋ ಹಾಗಿಲ್ಲ ಕಾಕಿ. ನಾನಿಲ್ಲಿ ಹೈಸ್ಕೂಲಲ್ಲಿದೀನಿ ಅಂತ ಪಪ್ಪಾ ನಮ್ಮ ಫಳಿಯಾದಲ್ಲಿ ಮನೆಮನೆಗೂ ಹೇಳ್ಕೊಂಡಿದಾನೆ. ಸ್ಕೂಲ್ ಫೋಟೋ ಕಳಿಸು ಕಳಿಸು ಅಂತ ಒಂದೇ ಸಮ. ಕೃಪಾಬೆನ್ ಇಲ್ಲದಾಗ ಅವಳ ಬ್ಯಾಗ್ ಹಾಕ್ಕೊಂಡು, ಕೋಕ್ ಮಶೀನ್ ಪಕ್ಕ ನಿಂತು ಒಂದು ತೆಗೆದು ಕಳಿಸಿದೆ. ಪಪ್ಪಾ ಅದನ್ನ ಕಟ್ಟು ಹಾಕ್ಸಿದಾನಂತೆ." ಆಮೇಲೆ ಗಾಬರಿಯಾಗಿ, "ಬ್ಯಾಗು ಹಾಗೇ ಇಟ್ಬಿಟ್ಟೆ ಕಾಕಿ, ಒಳಗೇನೂ ಮುಟ್ಲಿಲ್ಲ" ಎಂದಳು.

ದಕ್ಷಾ ಎದ್ದು ಹೋಗಿ ಸಿಂಕಿನ ನಲ್ಲಿ ಬಿಟ್ಟು ನಿಂತಳು. ತೊಳೆಯುವುದಕ್ಕೆ ಅಲ್ಲೇನೂ ಇರಲಿಲ್ಲ. ಅತ್ತೆ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರೆಂದು ಅವಳಿಗೆ ಆಗ ಗೊತ್ತಾಯಿತು. ಆ ದಿನ ಚಂಚಲ್‌ಬೆನ್ ಊಟ ಬೇಡವೆಂದರು. ಮುಕುಂದ ಕರೆದಾಗ, "ಹಸಿವಿಲ್ಲ ಕಣೋ, ನನ್ನನ್ನ ಬಿಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಗುರುವಾರ ಮಿಸೆಸ್ ಪ್ರೂಯಿಟ್ ಹೇಳಿದ ಹೊತ್ತಿಗೇ ಬಂದರು. ಹೇತಲ್‌ಳನ್ನು ಖಾಲಿ ರೂಮೊಂದಕ್ಕೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಅವರು ಹೊರಗೆ ಬರುವವರೆಗೆ ಮುಕುಂದ ಕೌಂಟರನ್ನು ಮೂರು ಸಲ ಒರೆಸಿದ. ಕೃಪಾ ಶಾಲೆಗೆ ಹೋಗದೆ ಮೆಟ್ಟಿಲ ಮೇಲೆ ಕೂತಿದ್ದಳು. ಹೊರಬಂದಾಗ ಹುಡುಗಿಯ ಮುಖ ಶಾಂತವಾಗಿತ್ತು. ಆ ಹೆಂಗಸಿನ ಮುಖ ಬಳಲಿತ್ತು. ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ಕೂತರು. ಮಿಸೆಸ್ ಪ್ರೂಯಿಟ್ ಫೋನನ್ನು ನಡುವೆ ಇಟ್ಟರು. ಅದರೊಳಗಿಂದ ಎಲ್ಲೋ ಕೂತಿದ್ದ ಒಬ್ಬ ಗುಜರಾತಿ ಹೆಂಗಸು ಎಲ್ಲರ ಮಾತನ್ನು ಇತ್ತಿಂದತ್ತ, ಅತ್ತಿಂದಿತ್ತ ದಾಟಿಸುತ್ತಿದ್ದಳು.

"ರಜಕ್ಕೆ ಬಂದೆ ಅಂತ ಹುಡುಗಿ ಹೇಳ್ತಾಳೆ" ಎಂದರು ಮಿಸೆಸ್ ಪ್ರೂಯಿಟ್. "ಬೇರೇನೂ ಹೇಳಲ್ಲ. ನಿಮಗೆಲ್ಲ ಒಂದು ವಿಷಯ ಗೊತ್ತಿರಲಿ. ಶಾಲೆ ಬಿಡಿಸಿ ದುಡಿಸಿಕೊಂಡ ಮಕ್ಕಳಿಗೆ ಈ ದೇಶದಲ್ಲಿ ಒಂದು ದಾರಿ ಇದೆ. ಇರೋಕೆ ಮನೆ, ಶಾಲೆ, ಇಲ್ಲೇ ಉಳಿಯೋಕೆ ಕಾಗದ, ಎಲ್ಲಕ್ಕೂ ಕೇಳಬಹುದು. ಆದರೆ ಯಾರಾದರೂ ನಡೆದದ್ದನ್ನ ಹೇಳಬೇಕು. ರಜಕ್ಕೆ ಬಂದವಳೇ ಆದರೆ ನಾನು ಮಾಡೋದು ಏನೂ ಇಲ್ಲ. ವೀಸಾ ಮುಗಿದ ನೆಂಟಳು, ಅಷ್ಟೇ. ಅವಳ ಪಾಸ್‌ಪೋರ್ಟ್ ಎಲ್ಲಿದೆ?"

ಚಂಚಲ್‌ಬೆನ್ ಎದ್ದರು. ಒಳಗೆ ಹೋಗಿ ಬೀರು ತೆಗೆದು, ರೇಷ್ಮೆ ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದರು. ಅವರ ಮದುವೆಯ ಬಳೆಗಳ ನಡುವೆ ಪಾಸ್‌ಪೋರ್ಟ್ ಇತ್ತು.

"ನನ್ನ ಚಿನ್ನದ ಜೊತೆ ಇಟ್ಟಿದೀನಿ ಇದನ್ನ" ಎಂದರು. "ಬಂದ ದಿನದಿಂದ ಯಾರ ಕೈಗೂ ಕೊಟ್ಟಿಲ್ಲ. ಅವಳ ಕೈಗೂ..."

ಅಲ್ಲಿಗೆ ಅವರ ಮಾತು ನಿಂತುಹೋಯಿತು. ಬಳೆಗಳನ್ನು ಅಲ್ಲೇ ಬಿಟ್ಟು ಕುರ್ಚಿಯಲ್ಲಿ ಕುಸಿದರು. ಫೋನಿನ ಹೆಂಗಸು ನಿಂತ ಮಾತನ್ನೂ ನಿಂತ ಕಡೆಯವರೆಗೆ ಇಂಗ್ಲಿಷಿನಲ್ಲಿ ಹೇಳಿದಳು. ಮಿಸೆಸ್ ಪ್ರೂಯಿಟ್ ಬರೆದುಕೊಂಡು, ದಕ್ಷಾಳ ಕಡೆ ತಿರುಗಿದರು.

"ನೀವೇನಾದರೂ ಹೇಳ್ತೀರಾ?"

ಕೌಂಟರಿನ ಮುಂದೆ ಗಿರಾಕಿ ನಿಂತಿರುವಾಗಲೇ ಅವನ ಬಗ್ಗೆ ಗುಜರಾತಿಯಲ್ಲಿ ಏನು ಬೇಕಾದರೂ ಆಡಿಕೊಳ್ಳುವುದು ಈ ಮನೆಯವರಿಗೆ ರಕ್ತಗತ. ಇಪ್ಪತ್ತು ವರ್ಷ ಆ ಭಾಷೆ ಅವರಿಗೆ ಬಾಗಿಲು ಹಾಕಿಕೊಂಡ ಕೋಣೆಯಿದ್ದಂತೆ. ಮುಕುಂದ ತುಟಿಯ ಮೇಲೆ ನಗೆ ಇಟ್ಟುಕೊಂಡೇ ಹೆಂಡತಿಗೆ ಹೇಳಿದ:

"ಬಾಯಿ ಮುಚ್ಚಿಕೊಂಡು ಇಲ್ಲ ಅನ್ನು. ಇನ್ನೊಂದು ಮಾತಾಡಿದ್ರೆ ಮುಗೀತು ನಮ್ಮ ಕಥೆ."

ಫೋನು ಅದನ್ನೂ ಚಾಚೂ ತಪ್ಪದೆ ಇಂಗ್ಲಿಷಿನಲ್ಲಿ ಹೇಳಿತು. ಮುಕುಂದನ ಮುಖದ ಬಣ್ಣ ಇಳಿಯಿತು. ಮೆಟ್ಟಿಲಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಕೃಪಾ ತಾಯಿಯನ್ನೇ ನೋಡುತ್ತಿದ್ದಳು.

ದಕ್ಷಾಳಿಗೆ ಹೆದರಿಕೆಯಾಯಿತು. ಇಷ್ಟು ಹೆದರಿಕೆ ಅವಳಿಗೆ ಮದುವೆಯಾಗಿ ಈ ದೇಶಕ್ಕೆ ವಿಮಾನ ಹತ್ತಿದ ದಿನವೂ ಆಗಿರಲಿಲ್ಲ. ಊದಿದ ಕೈಯನ್ನು ಮೇಜಿನ ಮೇಲಿಟ್ಟು ಮಾತಾಡಿದಳು.

"ಅವಳು ರಜಕ್ಕೆ ಬಂದವಳಲ್ಲ. ಓದೋಕೆ ಬಂದವಳು. ದಿನಾ ಬೆಳಿಗ್ಗೆ ಎದ್ದು ಈ ಮೋಟೆಲಿನ ರೂಮುಗಳನ್ನೆಲ್ಲ ಅವಳೇ ತೊಳೀತಾಳೆ, ಬಟ್ಟೆ ಒಗೀತಾಳೆ. ಆಮೇಲೆ ನಮಗೆ ರೋಟ್ಲಿ ಮಾಡ್ತಾಳೆ. ನಾವೆಲ್ಲ ಉಂಡ ಮೇಲೆ ಉಣ್ತಾಳೆ. ಕೆಲಸವನ್ನೆಲ್ಲ ನಾನು ಅವಳಿಗೆ ಬಿಟ್ಟುಕೊಟ್ಟೆ. ನನ್ನ ಕೈ ನೋಯ್ತಿತ್ತು, ಅದು ನಿಜ. ಕೈ ವಾಸಿಯಾದ ಮೇಲೂ ಬಿಟ್ಟುಕೊಟ್ಟೆ. ಮೊನ್ನೆ ನಿಮಗೆ ಏನು ಹೇಳ್ಬೇಕು ಅಂತ ಹೇಳಿಕೊಟ್ಟವಳೂ ನಾನೇ."

ಮುಕುಂದ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಚಂಚಲ್‌ಬೆನ್ ಅಳುತ್ತಿದ್ದರು. ಮಿಸೆಸ್ ಪ್ರೂಯಿಟ್ ಹಾಳೆ ತಿರುಗಿಸಿ, ನಿಧಾನವಾಗಿ ಇನ್ನೊಂದು ಸಲ ಹೇಳಿ ಎಂದರು. ದಕ್ಷಾ ಬಾಯಿ ತೆರೆಯುವ ಮುಂಚೆ ಹೇತಲ್ ಅವಳ ತೋಳು ಹಿಡಿದು ಎಳೆದಳು. ಹುಡುಗಿಯ ಕಣ್ಣು ತುಂಬಿತ್ತು.

"ಕಾಕಿ, ನಾನು ಎಲ್ಲಾ ಸರಿಯಾಗೇ ಹೇಳಿದ್ನಲ್ಲ? ನೀವು ಹೇಳಿಕೊಟ್ಟ ಹಾಗೇ ಹೇಳ್ದೆ. ಒಂದೂ ತಪ್ಪು ಮಾಡ್ಲಿಲ್ಲ ಕಾಕಿ."

ಫೋನಿನ ಹೆಂಗಸು ಅದನ್ನೂ ಇಂಗ್ಲಿಷಿನಲ್ಲಿ ಹೇಳಿದಳು.